ಖಾಲಿ ಟವರಿನ ವೈಭವ

ಜಗತ್ತಿನ ಮೊಟ್ಟಮೊದಲ ಸೆಲ್‌ಫೋನ್ ಕರೆ ಇನ್ನೊಬ್ಬರ ಹೊಟ್ಟೆ ಉರಿಸುವುದಕ್ಕೆಂದೇ ಮಾಡಿದ್ದು. 1973ರ ಏಪ್ರಿಲ್ 3ರಂದು ಮೊಟೊರೋಲಾ ಕಂಪನಿಯ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಸಿಕ್ಸ್ತ್ ಅವೆನ್ಯೂದಲ್ಲಿ ನಿಂತು, ಒಂದು ಕೆಜಿಗೂ ಮಿಕ್ಕಿ ತೂಗುವ ಯಂತ್ರವನ್ನು ಕಿವಿಗೆ ಆನಿಸಿಕೊಂಡು ಫೋನ್ ಮಾಡಿದ್ದು ಹೆಂಡತಿಗಲ್ಲ, ಅಮ್ಮನಿಗಲ್ಲ, ಸಂಬಳ ಕೊಡುವ ಧಣಿಗೂ ಅಲ್ಲ. ಇದೇ ಕೆಲಸದಲ್ಲಿ ತನಗೆ ಎದುರಾಳಿಯಾಗಿದ್ದ ಬೆಲ್ ಲ್ಯಾಬ್ಸಿನ ಜೋಯೆಲ್ ಎಂಗೆಲ್‌ಗೆ! ಕೈಯಲ್ಲಿ ಹಿಡಿದು ಓಡಾಡುವ ಫೋನಿನಿಂದ, ನಡುಬೀದಿಯಿಂದ ಮಾತಾಡುತ್ತಿದ್ದೇನೆ ಎಂದು ತಿಳಿಸುವುದಷ್ಟೇ ಕೂಪರ್ ಸಾಹೇಬರ ಉದ್ದೇಶ. ಎಂಗೆಲ್‌ಗೆ ಅಂಥ ಕರೆ ಬಂದ ನೆನಪೇ ಇಲ್ಲವಂತೆ. ಇಂಥವನ್ನು ಮರೆತುಬಿಡುವುದೇ ಆರೋಗ್ಯಕ್ಕೆ ಒಳ್ಳೆಯದು, ಬಿಡಿ.

ಆ ಫೋನು ಗಿರಾಕಿಯ ಕೈಗೆ ಬರಲು ಹತ್ತು ವರ್ಷ ಹಿಡಿಯಿತು. 1978ರಲ್ಲಿ ಷಿಕಾಗೊದಲ್ಲಿ ಪರೀಕ್ಷೆಗೆಂದು ಒಂದು ಜಾಲ ಹಾಕಿದರು. ಸರ್ಕಾರ ಯೋಚಿಸಿತು, ಮತ್ತೂ ಯೋಚಿಸಿತು, ಕಡೆಗೆ 1983ರ ಅಕ್ಟೋಬರಿನಲ್ಲಿ ಅದೇ ಷಿಕಾಗೊದಲ್ಲಿ ದುಡ್ಡು ಕೊಟ್ಟವರಿಗೆ ಸೇವೆ ಸಿಕ್ಕಿತು. ಫೋನಿನ ಬೆಲೆ ಹೆಚ್ಚುಕಮ್ಮಿ 4,000 ಡಾಲರ್. ಹತ್ತು ಗಂಟೆ ಚಾರ್ಜ್ ಹಾಕಿದರೆ ಅರ್ಧ ಗಂಟೆ ಮಾತು. ಅಷ್ಟು ಭಾರದ್ದನ್ನು ಅದಕ್ಕಿಂತ ಹೆಚ್ಚು ಹೊತ್ತು ಎತ್ತಿ ಹಿಡಿಯಲು ಹೇಗೂ ಆಗುತ್ತಿರಲಿಲ್ಲ, ಹಾಗಾಗಿ ಬ್ಯಾಟರಿಯೊಂದು ತೊಂದರೆಯೇ ಆಗಿರಲಿಲ್ಲ ಎಂದು ಕೂಪರ್ ಆಮೇಲೆ ನಗೆಯಾಡಿದ್ದುಂಟು.

ಪರೀಕ್ಷೆ ಮಾಡುವವರು ಫೋನಿನಲ್ಲಿ ಏನು ಮಾತಾಡುತ್ತಾರೆ ಎಂಬುದು ನನಗೆ ಬಹಳ ದಿನದ ಕುತೂಹಲ. ಕೋಟಿಗಟ್ಟಲೆ ಸುರಿದು ಕಟ್ಟಿದ ಯಂತ್ರದಲ್ಲಿ ಮೊದಲ ಮಾತು ಎಂದರೆ ಸಾಮಾನ್ಯವೇ? ಹುಡುಕಿ ನೋಡಿದರೆ ನಿರಾಸೆ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಇಪ್ಪತ್ತೆರಡರ ಇಂಜಿನಿಯರ್ ಹುಡುಗ ಪರೀಕ್ಷೆಗೆಂದು ಕಂಪ್ಯೂಟರಿನಿಂದ ಜಗತ್ತಿನ ಮೊದಲ ಎಸ್ಸೆಮ್ಮೆಸ್ ಕಳಿಸಿದ. ಏನೆಂದು? ‘ಮೆರ್ರಿ ಕ್ರಿಸ್‌ಮಸ್’ ಎಂದು, ಅದೂ ಹಬ್ಬಕ್ಕೆ ಇನ್ನೂ ಮೂರು ವಾರ ಇರುವಾಗ. ದಿನಾ ಬೆಳಿಗ್ಗೆ ನಮ್ಮ ನಿಮ್ಮ ಫೋನಿಗೆ ಬಂದು ಬೀಳುವ ಗುಡ್ ಮಾರ್ನಿಂಗ್ ಗುಲಾಬಿಗಳ ಮೂಲಪುರುಷ ಈತನೇ. ಸಂದೇಶ ತಲುಪಿದ್ದು ವೊಡಾಫೋನಿನ ರಿಚರ್ಡ್ ಜಾರ್ವಿಸ್ ಎಂಬ ದೊಡ್ಡ ಅಧಿಕಾರಿಗೆ. ಅವರ ಫೋನಿನಲ್ಲಿ ಮೆಸೇಜು ಓದಲಿಕ್ಕೆ ಬರುತ್ತಿತ್ತೇ ಹೊರತು ಕಳಿಸಲಿಕ್ಕೆ ಬರುತ್ತಿರಲಿಲ್ಲ. ಆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದ್ದರೆ ಮನುಷ್ಯಕುಲ ಎಷ್ಟು ನೆಮ್ಮದಿಯಾಗಿರುತ್ತಿತ್ತು!

ಇನ್ನು ಗಣ್ಯರ ಕರೆಗಳ ಸಂಗತಿ. 1991ರ ಜುಲೈ 1ರಂದು ಫಿನ್ಲೆಂಡಿನಲ್ಲಿ ಮಾಜಿ ಪ್ರಧಾನಿ ಹಾರಿ ಹೋಲ್ಕೆರಿ ಅವರು ತಾಂಪೆರೆ ನಗರದ ಉಪಮೇಯರ್ ಕಾರಿನಾ ಸುವೊನಿಯೊ ಅವರಿಗೆ ಮೊದಲ ಜಿಎಸ್ಎಂ ಕರೆ ಮಾಡಿದರು. 1995ರ ಜುಲೈ 31ರಂದು ಕೋಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಮಂತ್ರಿ ಸುಖ್ ರಾಮ್ ಅವರಿಗೆ ನಮ್ಮ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. 2022ರ ಮೇ 19ರಂದು ಐಐಟಿ ಮದ್ರಾಸಿನಲ್ಲಿ ಸ್ವದೇಶಿ 5ಜಿ ಜಾಲದ ಮೇಲೆ ಕೇಂದ್ರ ಮಂತ್ರಿ ಅಶ್ವಿನಿ ವೈಷ್ಣವ್ ಅವರು ಕರೆ ಮಾಡಿ ನೋಡಿದರು. ಇಂಥ ಕರೆಗಳಲ್ಲಿ ಒಂದಾದರೂ ‘ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’ ಎಂದಿತೇ? ಆಚೆ ಕಡೆಯವರು ‘ಆಮೇಲೆ ಮಾಡ್ತೀನಿ, ಗಾಡಿ ಓಡಿಸ್ತಾ ಇದೀನಿ’ ಎಂದರೇ? ಎರಡೂ ತುದಿಯಲ್ಲಿ ದೊಡ್ಡವರು, ಸುತ್ತ ಇಂಜಿನಿಯರರ ಹಿಂಡು, ಕೈ ತಟ್ಟಲು ಒಂದಷ್ಟು ಜನ. ಪಾಸಾಗದೆ ಏನು ಮಾಡೀತು? ಪರೀಕ್ಷೆ ಮಾಡುವವರ ಮೇಲೆ ನನ್ನ ತಕರಾರು ಇಷ್ಟೇ. ಅವರು ಪಾಸಾಗುವ ಜಾಗದಲ್ಲೇ ಪರೀಕ್ಷೆ ಇಟ್ಟುಕೊಳ್ಳುತ್ತಾರೆ, ಫೇಲಾಗುವ ಜಾಗಗಳನ್ನು ನಮಗೆ ಬಿಟ್ಟುಕೊಡುತ್ತಾರೆ. ಆ ಎರಡನೆಯ ಪರೀಕ್ಷೆಗೆ ಶುಲ್ಕ ಕಟ್ಟುವವರೂ ನಾವೇ, ರೀಚಾರ್ಜ್ ಹೆಸರಿನಲ್ಲಿ.

ನಮ್ಮಲ್ಲಿ 5ಜಿ ಪರೀಕ್ಷೆಗೆ ದೂರಸಂಪರ್ಕ ಇಲಾಖೆ ಅಪ್ಪಣೆ ಕೊಟ್ಟದ್ದು 2021ರ ಮೇ 4ರಂದು. ಏರ್‌ಟೆಲ್, ಜಿಯೊ, ವೊಡಾಫೋನ್ ಐಡಿಯಾ, ಎಂಟಿಎನ್‌ಎಲ್ ನಾಲ್ಕಕ್ಕೂ ಆರು ತಿಂಗಳ ಗಡುವು, ಅದರಲ್ಲಿ ಎರಡು ತಿಂಗಳು ಸಾಮಾನು ತರಿಸಿ ಜೋಡಿಸಿಕೊಳ್ಳುವುದಕ್ಕೇ. ಇದು ವ್ಯಾಪಾರಕ್ಕಲ್ಲ, ಈಗಿರುವ ಜಾಲಕ್ಕೆ ಇದನ್ನು ಗಂಟು ಹಾಕುವಂತಿಲ್ಲ, ಪಟ್ಟಣದಲ್ಲಷ್ಟೇ ಅಲ್ಲ, ಹಳ್ಳಿಯಲ್ಲೂ ಮಾಡಿ ತೋರಿಸಬೇಕು ಎಂಬ ಷರತ್ತುಗಳು. ಹಳ್ಳಿ ಎಂದದ್ದೇ ತಡ, ಏರ್‌ಟೆಲ್‌ನವರು ಒಂದು ಹಳ್ಳಿಯನ್ನು ಆರಿಸಿಕೊಂಡು ಮಾಡಿ ತೋರಿಸಿಯೂ ಬಿಟ್ಟರು. ಅದು ಇದ್ದದ್ದು ದಿಲ್ಲಿಯ ಮಗ್ಗುಲಲ್ಲಿ. ಹಳ್ಳಿಯೇ, ಇಲ್ಲವೆಂದವರಾರು? ಆರು ತಿಂಗಳು ಎಂದದ್ದು ಬೆಳೆದು ಮುಂದಿನ ವರ್ಷಕ್ಕೂ ಚಾಚಿಕೊಂಡಿತು.

ಆ 2021ರ ಜೂನ್ ತಿಂಗಳನ್ನೇ ತೆಗೆದುಕೊಳ್ಳಿ. ಗುರುಗ್ರಾಮದ ಸೈಬರ್ ಹಬ್‌ನಲ್ಲಿ ಏರ್‌ಟೆಲ್‌ನ ಪರೀಕ್ಷಾ ಜಾಲ ಸೆಕೆಂಡಿಗೆ ಒಂದು ಗಿಗಾಬಿಟ್ ದಾಟಿತೆಂದು ಸುದ್ದಿ. ಅದೇ ತಿಂಗಳು ನಮ್ಮ ಸುಳ್ಯದ ಕಡೆಯ ಹಳ್ಳಿಯೊಂದರಲ್ಲಿ ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿ, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ಅಪ್ಪ, ಇಬ್ಬರ ಚಿತ್ರವೂ ಪತ್ರಿಕೆಗಳಲ್ಲಿ ಬಂತು. ಸಿಗ್ನಲ್ ಸಿಗುವ ಜಾಗ ಅದೊಂದೇ. 5ಜಿಯಲ್ಲಿ ಪರೀಕ್ಷಿಸಿ ನೋಡಿ ಎಂದು ಇಲಾಖೆ ಕೊಟ್ಟ ಪಟ್ಟಿಯಲ್ಲಿ ದೂರಶಿಕ್ಷಣ, ದೂರವೈದ್ಯ, ಡ್ರೋನಿನಿಂದ ಬೆಳೆ ನೋಡುವುದು ಎಲ್ಲ ಇತ್ತು. ಕೊಡೆ ಇರಲಿಲ್ಲ.

ನಮ್ಮಕ್ಕನ ಮಗ ಟೆಲಿಕಾಂನಲ್ಲಿದ್ದಾನೆ. ಕಂಪನಿಯಲ್ಲಲ್ಲ, ಕಂಪನಿ ಗುತ್ತಿಗೆ ಕೊಟ್ಟ ಕಂಪನಿ ಒಳಗುತ್ತಿಗೆ ಕೊಟ್ಟ ಕಂಪನಿಯಲ್ಲಿ. ಅವನು ಮಾಡುವುದು ಡ್ರೈವ್ ಟೆಸ್ಟ್. ಮಗ ಏನು ಕೆಲಸದಲ್ಲಿದ್ದಾನೆ ಎಂದು ಯಾರಾದರೂ ಕೇಳಿದರೆ ಅಕ್ಕ ಮುಗ್ಧವಾಗಿ ‘ದಿನವಿಡೀ ಕಾರಲ್ಲಿ ಸುತ್ತುತಾನೆ’ ಎಂದುಬಿಡುತ್ತಾಳೆ. ಹೆಣ್ಣಿನ ಕಡೆಯವರು ಸ್ವಂತ ಗಾಡಿಯೋ ಬಾಡಿಗೆಯದ್ದೋ ಎಂದು ವಿಚಾರಿಸಲು ಶುರುಮಾಡುತ್ತಾರೆ. ಆದರೆ ಹೊಸ ಜಾಲ ಎಂಬುದು ಮಂತ್ರಿಗಳ ಕರೆಗೆ ತಲೆದೂಗುವ ಮೊದಲು ಅದನ್ನು ಬೀದಿಬೀದಿ ತಿರುಗಿಸಿ ಪಳಗಿಸುವವರು ಇಂಥ ಹುಡುಗರೇ. ಹಾಗಾಗಿ ಅವನ ಕಸುಬಿನ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳುತ್ತೇನೆ.

ಬಾಡಿಗೆ ಕಾರು, ತೊಡೆಯ ಮೇಲೆ ಲ್ಯಾಪ್‌ಟಾಪು, ಮುಂದೆ ಒಂದು ಜಿಪಿಎಸ್, ನಾಲ್ಕಾರು ಫೋನು. ಒಂದು ಫೋನು ಶಾರ್ಟ್ ಕಾಲ್ ಮಾಡುತ್ತದೆ: ಕರೆ ಹತ್ತಿತು, ಕಡಿಯಿತು, ಮತ್ತೆ ಹತ್ತಿತು. ಇನ್ನೊಂದು ಲಾಂಗ್ ಕಾಲ್: ಒಮ್ಮೆ ಹತ್ತಿದ್ದು ಊರೆಲ್ಲ ಸುತ್ತಿ ಮುಗಿಯುವವರೆಗೂ ಕಡಿಯಬಾರದು. ಮೂರನೆಯದು ಯಾವುದೋ ದೊಡ್ಡ ಫೈಲನ್ನು ಇಳಿಸುತ್ತಾ ಏರಿಸುತ್ತಾ ಇರುತ್ತದೆ. ಆ ಕರೆಗಳಲ್ಲಿ ಯಾರೂ ಯಾರೊಂದಿಗೂ ಮಾತಾಡುವುದಿಲ್ಲ. ಗಂಟೆಗಟ್ಟಲೆ ಫೋನಿನಲ್ಲಿದ್ದೂ ಒಂದೇ ಒಂದು ಮಾತಾಡದವನು ನಮ್ಮ ವಂಶದಲ್ಲಿ ಇವನೇ ಮೊದಲಿಗ. ಕಾರು ಹೋದ ದಾರಿಯುದ್ದಕ್ಕೂ ನಕ್ಷೆಯ ಮೇಲೆ ಹಸಿರು, ಹಳದಿ, ಕೆಂಪು ಚುಕ್ಕಿಗಳು ಬೀಳುತ್ತವೆ. ಕೆಂಪು ಬಿದ್ದಲ್ಲಿ ಆಂಟೆನಾದ ಬಾಗು ತುಸು ಬದಲಿಸು, ದಿಕ್ಕು ತಿರುಗಿಸು ಎಂದು ವರದಿ ಹೋಗುತ್ತದೆ. ಪ್ರತಿ ಟವರಿಗೂ ಸಾಧಾರಣವಾಗಿ ಮೂರು ಮುಖ. ಇವರ ಭಾಷೆಯಲ್ಲಿ ಆಲ್ಫಾ, ಬೀಟಾ, ಗಾಮಾ ಸೆಕ್ಟರುಗಳು. ಮೇಲೆ ಹತ್ತಿದ ರಿಗ್ಗರ್ ಅವಸರದಲ್ಲಿ ಕೇಬಲನ್ನು ಅದಲುಬದಲು ಚುಚ್ಚಿದ ಎನ್ನಿ, ದೇವಸ್ಥಾನದ ಬೀದಿಯ ಸೆಕ್ಟರ್ ಸಂತೆಮಾಳದ ಕಡೆ ಮುಖ ಮಾಡಿರುತ್ತದೆ, ಸಂತೆಮಾಳದ್ದು ದೇವಸ್ಥಾನದ ಕಡೆ. ಫೋನಿಗೆ ಸಿಗ್ನಲ್ಲಿನ ಕಡ್ಡಿ ಪೂರ್ತಿ ಇರುತ್ತದೆ, ಆದರೆ ನಾಲ್ಕು ಹೆಜ್ಜೆ ನಡೆದರೆ ಕರೆ ಕಡಿಯುತ್ತದೆ. ಕ್ರಾಸ್ ಆಗಿದೆ ಎಂದು ಹಿಡಿದುಕೊಡುವವನು ಈ ಕಾರಿನ ಹುಡುಗ. ರಿಗ್ಗರ್ ಮತ್ತೆ ಹತ್ತಬೇಕು. ಅವನು ಮೇಲಿನಿಂದ ಬಯ್ಯುವ ಬೈಗುಳಕ್ಕೆ ಯಾವ ಜಾಲವೂ ಬೇಕಿಲ್ಲ, ನೇರವಾಗಿ ಕೇಳಿಸುತ್ತದೆ.

ಸಿಗ್ನಲ್ಲಿನ ಬಲವನ್ನು ಇವರು ಮೈನಸ್ಸಿನಲ್ಲಿ ಅಳೆಯುತ್ತಾರೆ. ಮೈನಸ್ 80 ಇದ್ದರೆ ಚೆನ್ನ, ಮೈನಸ್ 110 ದಾಟಿದರೆ ಕಷ್ಟ. ಒಂದು ಭಾನುವಾರ ಊಟಕ್ಕೆ ಬಂದವನು ಸುಮ್ಮನಿರದೆ ನಮ್ಮ ಹಾಲಿನಲ್ಲಿ ನಿಂತು ಫೋನ್ ನೋಡಿದ.

“ಮಾವ, ನಿಮ್ಮನೇಲಿ ಮೈನಸ್ ನೂರಾ ಹದಿನೆಂಟು.”

“ಪರವಾಗಿಲ್ವಲ್ಲೋ, ಪಕ್ಕದ ಮನೇಲಿ ನೂರೇ ಅಂತೆ.”

“ಮೈನಸ್ಸು ಮಾವ, ಮೈನಸ್ಸು!”

ಅಂದು ಅವನಿಂದ ತಿಳಿದದ್ದನ್ನು ನಿಮಗೂ ದಾಟಿಸುತ್ತೇನೆ. ಅಲೆ ಉದ್ದವಾದಷ್ಟೂ ದೂರ ಹೋಗುತ್ತದೆ, ಸಣ್ಣದಾದಷ್ಟೂ ಹೆಚ್ಚು ಹೊರುತ್ತದೆ, ಆದರೆ ಬೇಗ ದಣಿಯುತ್ತದೆ. ನಮ್ಮ ಪರೀಕ್ಷೆಗಳಿಗೆ 700 ಮೆಗಾಹರ್ಟ್ಸಿನ ತರಂಗಪಟ್ಟಿಯನ್ನೂ ಕೊಟ್ಟಿದ್ದರು. ಅದರ ಅಲೆ ಮೊಳಕ್ಕೆ ಸ್ವಲ್ಪ ಕಮ್ಮಿ ಉದ್ದ. ಕೋಲ್ಕತ್ತದ ಹೊರವಲಯದಲ್ಲಿ ಏರ್‌ಟೆಲ್ ಮತ್ತು ನೋಕಿಯಾ ಸೇರಿ ಆ ಪಟ್ಟಿಯಲ್ಲಿ 40 ಕಿಲೋಮೀಟರಿನ ದೂರ ಮುಟ್ಟಿಸಿದರು. ಇನ್ನೊಂದು ಪಟ್ಟಿ 24.25ರಿಂದ 28.5 ಗಿಗಾಹರ್ಟ್ಸಿನದು, ಅಲೆಯ ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ವೇಗದ ದಾಖಲೆಗಳೆಲ್ಲ ಈ ಪುಟ್ಟ ಅಲೆಯವೇ. ಅದಕ್ಕೆ ಗೋಡೆ ಆಗದು, ಬಿಸಿಲು ತಡೆಯುವ ಗಾಜು ಆಗದು, ಒದ್ದೆ ಎಲೆಯ ಮರ ಆಗದು, ಕಡೆಗೆ ಫೋನ್ ಹಿಡಿದ ಅಂಗೈಯೇ ಆಗದು. ಕೈ ಅಡ್ಡ ಬರುತ್ತದೆಂದೇ ಅಂಥ ಫೋನುಗಳ ಅಂಚಿನಲ್ಲಿ ಒಂದಕ್ಕಿಂತ ಹೆಚ್ಚು ಆಂಟೆನಾ ಕೂರಿಸುತ್ತಾರೆ. ಇದರ ಪರೀಕ್ಷೆಯನ್ನು ಜುಲೈ ತಿಂಗಳಲ್ಲಿ ಆಗುಂಬೆಯಲ್ಲಿ ಇಟ್ಟುಕೊಳ್ಳಿ ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಸಿಗ್ನಲ್ ಇರುವುದಿಲ್ಲವಲ್ಲ.

ಪುಣೆಯಲ್ಲಿ ವೊಡಾಫೋನ್ ಐಡಿಯಾದವರು ಈ ಪುಟ್ಟ ಅಲೆಯಲ್ಲೇ ಸೆಕೆಂಡಿಗೆ 3.7 ಗಿಗಾಬಿಟ್ ಓಡಿಸಿದರು. ಲೆಕ್ಕ ಹಾಕಿದೆ: ಮೂರು ಗಂಟೆಯ ರಾಜ್‌ಕುಮಾರ್ ಸಿನಿಮಾ ನಾಲ್ಕೈದು ಸೆಕೆಂಡಿನಲ್ಲಿ ಫೋನಿಗೆ ಇಳಿಯುತ್ತದೆ. ನೋಡಲು ಮಾತ್ರ ಮೊದಲಿನಷ್ಟೇ ಮೂರು ಗಂಟೆ. 2022ರ ಜುಲೈನಲ್ಲಿ ನಮ್ಮ ಮೆಟ್ರೊದ ಎಂ.ಜಿ. ರಸ್ತೆ ನಿಲ್ದಾಣದಲ್ಲೂ ಪರೀಕ್ಷೆ ಆಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಯೋಜನೆ, ಜಿಯೊದ ಉಪಕರಣ. ನಿಲ್ದಾಣದಿಂದ 200 ಮೀಟರಿನೊಳಗೆ ಇಳಿಕೆಯ ವೇಗ 1.45 ಗಿಗಾಬಿಟ್, ಏರಿಕೆಯ ವೇಗ 65 ಮೆಗಾಬಿಟ್. ದೇಶದ ಮೆಟ್ರೊಗಳಲ್ಲೇ ಮೊದಲು ಎಂದು ಬೆಂಗಳೂರಿಗರಿಗೆ ಹೆಮ್ಮೆಯೋ ಹೆಮ್ಮೆ. ಇಳಿಸಿಕೊಳ್ಳುವುದಕ್ಕೆ ಇಷ್ಟು, ಏರಿಸುವುದಕ್ಕೆ ಅಷ್ಟೇ ಏಕೆ ಎಂದು ಯಾರೂ ಕೇಳಲಿಲ್ಲ. ನಾವು ಬೇರೆಯವರದನ್ನು ನೋಡುವ ಜನ, ನಮ್ಮದನ್ನು ಯಾರು ನೋಡಬೇಕು?

ಈ ಅಂಕಿಗಳು ಸುಳ್ಳಲ್ಲ. ಗುಟ್ಟು ಇರುವುದು ಬೇರೆ ಕಡೆ. ಟವರಿನ ವೇಗ ಎಂಬುದು ಆ ಕ್ಷಣ ಅದಕ್ಕೆ ನೇತುಬಿದ್ದವರೆಲ್ಲ ಹಂಚಿಕೊಳ್ಳಬೇಕಾದ ಒಟ್ಟು ಪಾಲು. ಪರೀಕ್ಷೆಯ ದಿನ ಜಾಲದಲ್ಲಿರುವುದು ಒಂದೋ ಎರಡೋ ಫೋನು. ಮದುವೆಯ ಮೊದಲ ಪಂಕ್ತಿಯಲ್ಲಿ ಒಬ್ಬನೇ ಕೂತು, ಇಡೀ ಅಡುಗೆಮನೆ ಇವನೊಬ್ಬನಿಗೇ ಬಡಿಸಿ, ಆಹಾ ಎಂಥ ಉಪಚಾರ ಎಂದು ಅವನು ಬರೆದುಕೊಟ್ಟ ಸರ್ಟಿಫಿಕೇಟು ಅದು. ನಮ್ಮದು ಯಾವತ್ತೂ ಕಡೆಯ ಪಂಕ್ತಿ. ಸಂಜೆ ಆರೂವರೆಗೆ ಅದೇ ಎಂ.ಜಿ. ರಸ್ತೆ ನಿಲ್ದಾಣದಲ್ಲಿ ನಿಂತವರೆಲ್ಲ ಒಟ್ಟಿಗೆ ಕ್ರಿಕೆಟ್ಟಿನ ಕೊನೇ ಓವರ್ ನೋಡಲು ಹೊರಟಾಗ ಎಲೆಗೆ ಬೀಳುವುದು ಉಪ್ಪು, ಉಪ್ಪಿನಕಾಯಿ.

5ಜಿಯಿಂದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ನಿರೀಕ್ಷಿಸಿದ ಗುಣಲಕ್ಷಣಗಳಲ್ಲಿ ಒಂದು ಮಿಲಿಸೆಕೆಂಡಿನ ಉತ್ತರವೂ ಒಂದು. ಕೇಳಿದ ಮೇಲೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಜವಾಬು ಬರಬೇಕು. ನಮ್ಮ ಮನೆಯಲ್ಲಿ ‘ಕಾಫಿ ಆಯ್ತಾ’ ಎಂಬುದಕ್ಕೂ ಇಷ್ಟು ಬೇಗ ಉತ್ತರ ಬಂದದ್ದಿಲ್ಲ. ಆದರೆ ಬೆಳಕಿಗೂ ಒಂದು ಮಿತಿ ಇದೆಯಲ್ಲ. ಬೆಂಗಳೂರಿನಿಂದ ಮೈಸೂರಿಗೆ ಗಾಜಿನ ಎಳೆಯಲ್ಲಿ ಹೋಗಿ ಬರುವಷ್ಟರಲ್ಲೇ ಅದಕ್ಕೆ ಒಂದು ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಸರ್ವರು ಮುಂಬೈಯಲ್ಲೋ ಸಿಂಗಪುರದಲ್ಲೋ ಇದ್ದರೆ ಮುಗಿದೇ ಹೋಯಿತು. ಹಾಗಾದರೆ ಪರೀಕ್ಷೆಯಲ್ಲಿ ಹೇಗೆ ಸಾಧಿಸುತ್ತಾರೆ? ಸರ್ವರನ್ನು ತಂದು ಟವರಿನ ಬುಡದಲ್ಲೇ ಕೂರಿಸಿಕೊಳ್ಳುತ್ತಾರೆ. ಒಕ್ಕೂಟದ ಇನ್ನೊಂದು ನಿರೀಕ್ಷೆ, ಒಂದು ಚದರ ಕಿಲೋಮೀಟರಿನಲ್ಲಿ ಹತ್ತು ಲಕ್ಷ ಸಾಧನಗಳು. ಅದನ್ನು ಪರೀಕ್ಷಿಸಲು ಯಾವ ಪ್ರಯೋಗಾಲಯವೂ ಬೇಡ, ದೀಪಾವಳಿಯ ಹಿಂದಿನ ಸಂಜೆ ಚಿಕ್ಕಪೇಟೆಗೆ ಬಂದರೆ ಸಾಕು.

ಪರೀಕ್ಷೆ ಎಂದರೆ ಜಿಯೊದ್ದು ಎಂದು ಹೊಗಳುವವರಿದ್ದಾರೆ, ನಾನೂ ಒಬ್ಬ. 2015ರ ಡಿಸೆಂಬರ್ 27ರಂದು ತನ್ನ ನೌಕರರಿಗೆಂದು 4ಜಿ ಪರೀಕ್ಷೆ ಶುರುಮಾಡಿತು. ನೌಕರ ತನ್ನ ಪರಿಚಯದವರನ್ನು ಕರೆದುಕೊಳ್ಳಬಹುದು ಎಂದರು. ಆಮೇಲೆ ಇಂಥ ಫೋನ್ ಕೊಂಡವರಿಗೂ ಉಂಟು ಎಂದರು, ಅಂಥ ಫೋನ್ ಕೊಂಡವರಿಗೂ ಉಂಟು ಎಂದರು. 2016ರ ಆಗಸ್ಟಿನಲ್ಲಿ ಉಳಿದ ಕಂಪನಿಗಳ ಸಂಘ ಇಲಾಖೆಗೆ ಪತ್ರ ಬರೆದು ಬಾಯಿ ಬಡಿದುಕೊಂಡಿತು: ಸ್ವಾಮಿ, ಹದಿನೈದು ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದಾರೆ, ಇದೆಂಥ ಪರೀಕ್ಷೆ, ಪರೀಕ್ಷೆಯ ವೇಷದಲ್ಲಿ ಪೂರಾ ಸೇವೆಯನ್ನೇ ಕೊಡುತ್ತಿದ್ದಾರೆ! ನಿಮ್ಮ ಜಾಲಕ್ಕೆ ನಮ್ಮ ಕರೆ ದಾಟಲು ಬಾಗಿಲನ್ನೇ ಸರಿಯಾಗಿ ತೆರೆಯುತ್ತಿಲ್ಲ ಎಂಬುದು ಜಿಯೊದ ತಿರುಗುಬಾಣ. ಅದು ಬೆಳೆದು ಬೆಳೆದು ಅಕ್ಟೋಬರಿನಲ್ಲಿ ಮೂರು ಕಂಪನಿಗಳ ಮೇಲೆ ಒಟ್ಟು 3,050 ಕೋಟಿ ರೂಪಾಯಿ ದಂಡ ಹಾಕಿ ಎಂದು ಟ್ರಾಯ್ ಶಿಫಾರಸು ಮಾಡುವ ತನಕ ಹೋಯಿತು. ನಡುವೆ ಸೆಪ್ಟೆಂಬರ್ 5ಕ್ಕೆ ಸೇವೆ ಅಧಿಕೃತವಾಗಿ ಶುರುವಾಗಿತ್ತು. ಅದೂ ಪುಕ್ಕಟೆ, ಡಿಸೆಂಬರ್ ಕೊನೆಯವರೆಗೆ. ಆಮೇಲೆ ಹೊಸ ವರ್ಷದ ಕೊಡುಗೆಯೆಂದು ಮಾರ್ಚ್ ಕೊನೆಯವರೆಗೂ ಪುಕ್ಕಟೆ. ಬೆಳಗಿನ ಜಾವ ಎದ್ದು ಸಿಮ್ಮಿಗೆ ಸರತಿ ನಿಂತವರಿಗೆ ಪರೀಕ್ಷೆ ಯಾವಾಗ ಮುಗಿಯಿತು, ಸೇವೆ ಯಾವಾಗ ಶುರುವಾಯಿತು ಗೊತ್ತಾಗಲಿಲ್ಲ. ಗೊತ್ತಾದದ್ದು ಮೊದಲ ಸಲ ದುಡ್ಡು ಕೇಳಿದಾಗ.

2022ರಲ್ಲೂ ಅದೇ ರಾಗ. ಅಕ್ಟೋಬರ್ 1ರಂದು ದಿಲ್ಲಿಯಲ್ಲಿ ಪ್ರಧಾನಿಯವರು 5ಜಿಗೆ ಚಾಲನೆ ಕೊಟ್ಟ ಮೇಲೂ, ಅಕ್ಟೋಬರ್ 5ರ ದಸರೆಗೆ ನಾಲ್ಕು ನಗರಗಳಲ್ಲಿ ಜಿಯೊ ಶುರುಮಾಡಿದ್ದು ‘ಬೀಟಾ ಟ್ರಯಲ್’, ಅದೂ ಆಹ್ವಾನ ಬಂದವರಿಗೆ ಮಾತ್ರ. ಬೆಂಗಳೂರಿಗೆ ನವೆಂಬರಿನಲ್ಲಿ ಬಂತು. ನಮ್ಮವರ ಉತ್ಸಾಹ ನೋಡಿ: ದೇಶದಲ್ಲಿ 5ಜಿ ಎಂದು ಬರೆದ ಫೋನು ಮಾರಾಟಕ್ಕೆ ಬಂದದ್ದು 2020ರ ಫೆಬ್ರುವರಿಯಲ್ಲಿ, ಜಾಲ ಬರುವ ಎರಡೂವರೆ ವರ್ಷ ಮೊದಲು. ಅಷ್ಟು ದಿನ ಡಬ್ಬಿಯ ಮೇಲಿನ ಅಕ್ಷರ ಓದಿಕೊಂಡೇ ಕಾಲ ಹಾಕಿದರು. ಇನ್ನೊಂದು ಕಡೆ, ಅಕ್ಟೋಬರಿನಲ್ಲಿ ಜಾಲ ಬಂದರೂ ನಮ್ಮ ದೇಶದ ಐಫೋನುಗಳು ಎಲ್ಲರಿಗೂ 5ಜಿ ಹಿಡಿದುಕೊಟ್ಟದ್ದು ಡಿಸೆಂಬರಿನ ಅಪ್‌ಡೇಟ್ ಬಂದ ಮೇಲೆ. ಬೀದಿಯಲ್ಲಿ ಅತ್ಯಂತ ದುಬಾರಿ ಫೋನ್ ಇದ್ದವರು ಎರಡು ತಿಂಗಳು ಪಕ್ಕದವರ ಪರದೆ ನೋಡಬೇಕಾಯಿತು. ಆ ಎರಡು ತಿಂಗಳು ನನಗೆ ಬಹಳ ಹಿತವಾಗಿ ಕಳೆದವು.

ಮಾಡದ ಪರೀಕ್ಷೆಗೂ ಬೈಸಿಕೊಂಡ ಕೀರ್ತಿ 5ಜಿಗಿದೆ. 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೇ ಅಲೆಗೆ ಟವರಿನ ಪರೀಕ್ಷೆಯೇ ಕಾರಣ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡಿತು. ದೇಶದಲ್ಲಿ ಎಲ್ಲೂ ಪರೀಕ್ಷೆ ಇನ್ನೂ ಶುರುವೇ ಆಗಿಲ್ಲ ಎಂದು ಇಲಾಖೆ ಹೇಳಿಕೆ ಕೊಡಬೇಕಾಯಿತು. ಆ ಸಂದೇಶ ಊರೂರು ಸುತ್ತಿದ್ದು ಪಾಪದ ಹಳೇ 4ಜಿಯ ಮೇಲೆಯೇ. ಅದರ ಬೆನ್ನಿಗೇ ನಟಿ ಜೂಹಿ ಚಾವ್ಲಾ 5ಜಿ ವಿರುದ್ಧ ದಿಲ್ಲಿ ಹೈಕೋರ್ಟಿಗೆ ಹೋದರು. ಆನ್‌ಲೈನ್ ವಿಚಾರಣೆಯ ನಡುವೆ ಯಾರೋ ಪುಣ್ಯಾತ್ಮ ಅವರದೇ ಸಿನಿಮಾದ ಹಾಡು ಹಾಡತೊಡಗಿದ. ಅವನನ್ನು ಹೊರಗೆ ಹಾಕಿದರೆ ಮತ್ತೆ ಬಂದು ಇನ್ನೊಂದು ಹಾಡು. ಜೂನ್ 4ರಂದು ಅರ್ಜಿ ವಜಾ ಆಯಿತು, 20 ಲಕ್ಷ ದಂಡ ಬಿತ್ತು. ಮುಂದಿನ ವರ್ಷ ಅದನ್ನು 2 ಲಕ್ಷಕ್ಕೆ ಇಳಿಸಿದರು. ಹಾಡುಗಾರನ ಜಾಲ ಮಾತ್ರ ಕೊನೆಯವರೆಗೂ ಗಟ್ಟಿಯಾಗಿತ್ತು.

ಪರೀಕ್ಷೆಯ ಕಲ್ಪನಾಶಕ್ತಿಯಲ್ಲಿ ಮಾತ್ರ ದಕ್ಷಿಣ ಕೊರಿಯಾದವರನ್ನು ಮೀರಿಸಿದವರಿಲ್ಲ. 2018ರ ಫೆಬ್ರುವರಿಯಲ್ಲಿ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ವೇಳೆ ಕೆಟಿ ಕಂಪನಿ 5ಜಿ ಪ್ರದರ್ಶನ ಇಟ್ಟಿತು. ಜಾರುಬಂಡಿಯ ಒಳಗಿಂದ ನೇರ ಚಿತ್ರ, ಅದು ಇದು ಎಲ್ಲ ಇತ್ತೆನ್ನಿ. ನನ್ನ ಮನ ಸೆಳೆದದ್ದು ಹತ್ತಿರದ ಹಳ್ಳಿಯಲ್ಲಿ ಕಾಡುಹಂದಿ ಓಡಿಸಲು ಹೂಡಿದ ಏರ್ಪಾಡು. ಹಂದಿ ಬಂದರೆ ಕಿರಣ ಹಾಯಿಸಿ, ಅನಿಲ ಬಿಟ್ಟು, ಹುಲಿಯ ಘರ್ಜನೆ ಕೇಳಿಸುವುದು. ಮಲೆನಾಡಿನ ಗದ್ದೆಯಲ್ಲಿ ರಾತ್ರಿಯಿಡೀ ಡಬ್ಬ ಬಡಿದು ಪಟಾಕಿ ಹಾರಿಸುವವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅವರಿಗೆ ನಿಜವಾದ ಹುಲಿಯೇ ಉಂಟು, ಹಂದಿಗಳಿಗೆ ಅದೂ ರೂಢಿಯಾಗಿದೆ.

ಇದೇ ಕೊರಿಯಾದವರು 2019ರ ಏಪ್ರಿಲ್ 5ಕ್ಕೆ 5ಜಿ ಶುರುಮಾಡುವುದೆಂದು ಇಟ್ಟುಕೊಂಡಿದ್ದರು. ಅಮೆರಿಕದ ವೆರೈಝನ್ ತನ್ನ ದಿನವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದೆ ಎಂಬ ಸುಳಿವು ಸಿಕ್ಕಿದ್ದೇ ಏಪ್ರಿಲ್ 3ರ ರಾತ್ರಿ ಹನ್ನೊಂದಕ್ಕೆ ಮುಹೂರ್ತ ಹೊಡೆದೇಬಿಟ್ಟರು. ಅಷ್ಟು ಹೊತ್ತಿನಲ್ಲಿ ಗಿರಾಕಿಗಳು ಎಲ್ಲಿ ಸಿಗಬೇಕು? ಸ್ಕೇಟಿಂಗ್ ತಾರೆ ಕಿಮ್ ಯೂನಾ ಮೊದಲಾದ ಕೆಲವರ ಕೈಗೆ ಫೋನ್ ಕೊಟ್ಟು ಜಗತ್ತಿನ ಮೊದಲ ಗ್ರಾಹಕರು ಇವರೇ ಎಂದರು. ಉಳಿದ ಪ್ರಜೆಗಳು 5ನೇ ತಾರೀಕಿಗೇ ಬರಬೇಕಾಯಿತು. ಕೂಪರ್ ಎದುರಾಳಿಗೆ ಫೋನ್ ಮಾಡಿದ್ದೂ ಏಪ್ರಿಲ್ 3ರಂದೇ ಅಲ್ಲವೇ? ಪಂಚಾಂಗದಲ್ಲಿ ಆ ದಿನಕ್ಕೆ ಹೊಟ್ಟೆಯುರಿ ಯೋಗ ಇರಬೇಕು.

ಈಗ 6ಜಿಯ ಸರದಿ. 2023ರ ಮಾರ್ಚಿನಲ್ಲೇ ನಮ್ಮ ಸರ್ಕಾರ ಅದರ ಮುನ್ನೋಟದ ಪುಸ್ತಕ ಹೊರತಂದು ಪರೀಕ್ಷಾ ನೆಲೆಗೂ ಚಾಲನೆ ಕೊಟ್ಟಾಗಿದೆ, 2030ರ ಹೊತ್ತಿಗೆ ಬರುತ್ತದಂತೆ. ಮೊನ್ನೆ ಅಕ್ಕನ ಮಗ ಸಿಕ್ಕಾಗ ಕೇಳಿದೆ:

“ಅಲ್ಲಯ್ಯಾ, 6ಜಿ ಬಂದ ಮೇಲಾದರೂ ನಮ್ಮ ಹಾಲಿನಲ್ಲಿ ಫೋನ್ ಸರಿಯಾಗಿ ಕೇಳಿಸುತ್ತಾ?”

ಅವನು ತಲೆ ಕೆರೆದುಕೊಂಡ. ಅತ್ತಿತ್ತ ನೋಡಿ ಸಣ್ಣ ದನಿಯಲ್ಲಿ ಹೇಳಿದ:

“ಮಾವ, ಬೇರೆ ಯಾರಿಗೂ ಹೇಳ್ಬೇಡಿ. ನೀವು ಸುಮ್ನೆ ವೈಫೈ ಹಾಕಿಸ್ಕೊಳ್ಳಿ.”